ಗಿರ್ದಾವರ ಉಂಡ ಹೋಳಿಗೆ

ಶಹಾಬಾದಿನ ಖಣಿಯಲ್ಲಿ ಫರ್ಸಿ ಹೊರುವ ಹೆಂಗಸರಿಗೆ ಕುತ್ತಿಗೆ ಇರುವುದಿಲ್ಲ. ಇರುತ್ತದೆ, ಹೋಗುತ್ತದೆ. ಕಲ್ಲಿನ ಹಾಸನ್ನು ತಲೆಯ ಮೇಲಿಟ್ಟುಕೊಂಡು ಖಣಿಯ ತಳದಿಂದ ರೈಲಿನ ವ್ಯಾಗನ್ನಿನವರೆಗೆ ದಿನವಿಡೀ ಹತ್ತಿದರೆ ಕುತ್ತಿಗೆ ತಾನಾಗಿಯೇ ಭುಜದೊಳಗೆ ಇಳಿಯುತ್ತದೆ. ಶಿವಕಾಂತಮ್ಮನದೂ ಇಳಿದಿತ್ತು. ಮೊದಲ ವರ್ಷ ನೋವಿತ್ತು. ಆಮೇಲೆ ನೋವಿಗೇ ಬೇಸರ ಬಂತು, ಬಿಟ್ಟು ಹೋಯಿತು. ಸಂಜೆ ಸಿಂಬಿ ತೆಗೆದಿಟ್ಟ ಮೇಲೂ ತಲೆಯ ಮೇಲೆ ಕಲ್ಲು ಇದ್ದ ಹಾಗೇ ಇರುತ್ತಿತ್ತು. ಅದನ್ನು ಯಾರಿಗೆ ಹೇಳುವುದು? ಓಣಿಯ ಎಲ್ಲ ಹೆಂಗಸರ ತಲೆಯ ಮೇಲೂ ಒಂದೊಂದು ಇತ್ತು.

ಅವಳು ಹುಟ್ಟಿದ್ದು ಕಲ್ಲಿನಲ್ಲಲ್ಲ, ನೀರಿನಲ್ಲಿ. ಮಳಖೇಡದ ಹತ್ತಿರ ಕಾಗಿಣಾ ಹೊಳೆಯಲ್ಲಿ ಅಪ್ಪ ಹರಗೋಲು ಹಾಕುತ್ತಿದ್ದ. ಅಂಬಿಗರ ಮನೆತನ. ಪೊಲೀಸ್ ಆಕ್ಷನ್ ಆದ ವರ್ಷದ ಗಲಾಟೆಯಲ್ಲಿ ಹರಗೋಲು ಸುಟ್ಟು ಹೋಯಿತು. ಅದರ ಹಿಂದೆಯೇ ಅಪ್ಪ ಹೋದ. ಅವ್ವ ಮೊದಲೇ ಇರಲಿಲ್ಲ. ಗಂಡ ಸತ್ತು ತವರಿಗೆ ಬಂದಿದ್ದ ಶಿವಕಾಂತಮ್ಮ ತಮ್ಮ ಚಂದ್ರಾಮನ ಕೈ ಹಿಡಿದು ಶಹಾಬಾದಿಗೆ ಬಂದಳು. ತಾನು ಕಲ್ಲು ಹೊತ್ತಳು, ಅವನನ್ನು ಶಾಲೆಗೆ ಕಳಿಸಿದಳು. ಅವನ ತಲೆಯ ಮೇಲೆ ಸಿಂಬಿ ಇಡಬಾರದು. ಅವಳ ಬದುಕಿನಲ್ಲಿ ಇದ್ದ ಹಟ ಇದೊಂದೇ.

ಆ ದಿನ ಅವಳು ಕಲ್ಲು ಹೊತ್ತು ಏರು ಹತ್ತುತ್ತಿದ್ದಳು. ಶಾಲೆಯ ಗುರುಲಿಂಗಯ್ಯ ಮಾಸ್ತರು ಧೋತರ ಎತ್ತಿಕೊಂಡು ಓಡಿ ಬಂದರು.

"ಶಿವಕಾಂತಾ! ನಿಮ್ಮ ಚಂದ್ರಾಮಗ ಸೀಟ್ ಸಿಕ್ಕದ! ಹೈದ್ರಾಬಾದಿನ ದೊಡ್ಡ ಕಾಲೇಜಿನಾಗ!"

ಅವಳು ನಿಲ್ಲಲಿಲ್ಲ. ಏರಿನಲ್ಲಿ ನಿಂತರೆ ಹಿಂದಿನವಳ ಕಲ್ಲು ಬೆನ್ನಿಗೆ ಬಡಿಯುತ್ತದೆ. ಮಾಸ್ತರೇ ಪಕ್ಕದಲ್ಲಿ ಏದುಸಿರು ಬಿಡುತ್ತ ಹತ್ತಿದರು.

"ನವಾಬರ ಮಕ್ಕಳು, ಜಾಗೀರದಾರರ ಮಕ್ಕಳು ಓದೋ ಕಾಲೇಜವ್ವಾ ಅದು!"

"ನಮ್ಮಂಥೋರಿಗಿ ರೊಕ್ಕ ಎಲ್ಲಿಂದ ಬರಬೇಕ್ರಿ ಮಾಸ್ತರ?"

"ರೊಕ್ಕ ಬ್ಯಾಡ. ವಜೀಫಾ ಅದ. ಬಡವರ ಮಕ್ಕಳಿಗಿ ಫೀಸ್ ಇಲ್ಲ. ಖೋಲಿ ಪುಕ್ಕಟ, ಎರಡ್ಹೊತ್ತ ಊಟ ಪುಕ್ಕಟ, ಪುಸ್ತಕ ಪುಕ್ಕಟ. ಇದ್ದೋರು ಕೊಟ್ಟು ಓದ್ತಾರ. ಅರ್ಧ ಇದ್ದೋರು ಅರ್ಧ ಕೊಡ್ತಾರ. ಏನೂ ಇಲ್ದೋರಿಗಿ ಎಲ್ಲಾ ಸರ್ಕಾರ ಕೊಡ್ತದ."

"ಏನೂ ಇಲ್ಲಂತ ಅವರಿಗಿ ಹೆಂಗ್ ತಿಳೀತದ?"

"ಚಿತ್ತಾಪುರದ ತಹಶೀಲ್ ಕಚೇರಿಯಿಂದ ಗಿರ್ದಾವರ ಬರ್ತಾರ. ನಿಮ್ಮ ಮನಿ ಕಣ್ಣಿಲೆ ನೋಡಿ ರಪೋಟ್ ಬರೀತಾರ. ಬರೋ ಸೋಮವಾರ."

ವ್ಯಾಗನ್ನಿನ ಹತ್ತಿರ ಕಲ್ಲು ಇಳಿಸಿದಾಗ ಅವಳಿಗೆ ಖುಷಿ ಆಗಬೇಕಿತ್ತು. ಆಯಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಮುಖ ಒರೆಸಿಕೊಂಡು ಮತ್ತೆ ಖಣಿಗೆ ಇಳಿದಳು.

ಮಾಸ್ತರು ಅಷ್ಟು ಹೇಳಿ ಹೋದರಲ್ಲ, ಅಲ್ಲೇ ಕೆಟ್ಟಿತು. ಬಡತನ ನೋಡಲು ಬರುತ್ತಾರೆ ಎಂಬ ಮಾತು ಓಣಿಯನ್ನು ಮುಟ್ಟುವ ಹೊತ್ತಿಗೆ ಸವೆದು ಹೋಗಿತ್ತು. 'ಬರುತ್ತಾರೆ' ಎಂಬುದು ಮಾತ್ರ ಉಳಿದಿತ್ತು. ಶಿವಕಾಂತಮ್ಮನ ಮನೆಗೆ ಸಾಹೇಬರು ಬರುತ್ತಾರಂತೆ!

ಆ ಓಣಿಗೆ ಒಂದು ಕಟ್ಟಳೆ ಇತ್ತು. ಯಾರ ಮನೆಗೆ ಹೊರಗಿನವರು ಬಂದರೂ ಅಂದು ಓಣಿಯ ಚೆಂದದ ಸಾಮಾನೆಲ್ಲ ಆ ಮನೆಗೆ ಹೋಗಬೇಕು. ಫಕೀರಸಾಬನ ಸಾಗವಾನಿ ಮಂಚ, ಲಲಿತಾಬಾಯಿಯ ಹಿತ್ತಾಳೆ ತಂಬಿಗೆ ತಾಟು, ಇನ್ನೊಬ್ಬಳ ಮನೆಯ ಜಮಖಾನ, ಮನೆಗೊಂದು ಚಮಚ ಕೂಡಿಸಿದ ಗಿಂಡಿ ತುಪ್ಪ. ಓಣಿಯ ಹುಡುಗಿಯರ ಲಗ್ನವನ್ನೆಲ್ಲ ಆ ಒಂದು ಮಂಚ ಕುದುರಿಸಿತ್ತು. ಬಂದ ಬೀಗರೆಲ್ಲ ಅದರ ಮೇಲೆ ಕುಳಿತು, 'ಮನಿ ಚೊಲೊ ಅದ' ಅಂದು ಹೋದವರೇ. ಕೊಟ್ಟವರು ಮಾತ್ರ ಹೊರಗಿನವರ ಎದುರಿಗೆ ಸತ್ತರೂ 'ಅದು ನಮ್ಮದು' ಅನ್ನಬಾರದು. ಅಂದರೆ ಆ ಮನೆಯ ಮಾನ ಬೀದಿಗೆ ಬಂದಂತೆ. ಯಾರೂ ಅನ್ನುತ್ತಿರಲಿಲ್ಲ. ಇದ್ದ ಆಸ್ತಿ ಅದೊಂದೇ ನೋಡಿ ಅವರಿಗೆ.

ಶಿವಕಾಂತಮ್ಮನಿಗೆ ಒಳಗೆ ಅಳುಕಿತ್ತು. "ಬಡವರು ಹೌದೋ ಅಲ್ಲೋ ಅಂತ ನೋಡ್ಲಿಕ್ಕ ಬರ್ತಾರ ಕಾಕಾ" ಎಂದಳು.

ಫಕೀರಸಾಬ ಮಂಚ ಹೊತ್ತು ಬಾಗಿಲಲ್ಲಿ ನಿಂತಿದ್ದ. ಮುದುಕ. ಖಣಿಯಲ್ಲಿ ಒಂದು ಕಣ್ಣು ಕಳೆದುಕೊಂಡವನು. "ಬಡವ್ರಾದ್ರೇನ್ ಬೇಟಿ, ಮೆಹಮಾನ್ ಮೆಹಮಾನೇ ಅಲ್ಲೇನು? ಬರಿ ನೆಲದ ಮ್ಯಾಲ ಕುಂದರಸ್ತೀಯೇನು?"

"ಉಂಡ ಬಾಯಿ ಕೆಟ್ಟದ್ದು ಬರೀತದೇನ?" ಅಂದಳು ಓಣಿಯ ತುದಿಮನೆಯ ಮಹಾದೇವಮ್ಮ. ಅವಳು ಲಿಂಗವಂತರ ಹೆಂಗಸು. ಗಂಡ ತೀರಿದ ಮೇಲೆ ಅವಳೂ ಖಣಿಗೆ ಇಳಿದಿದ್ದಳು. ಬರುವ ಗಿರ್ದಾವರ ನಾಗೇಂದ್ರಪ್ಪನೂ ಲಿಂಗವಂತ, ಅಂಬಿಗರ ಕೈಯ ಅಡಿಗೆ ಉಣ್ಣಲಿಕ್ಕಿಲ್ಲ ಅಂತ ಮಹಾದೇವಮ್ಮ ತಾನೇ ಮಡಿಯುಟ್ಟು ಬಂದು ಒಲೆ ಹಚ್ಚಿದಳು. ತನ್ನ ಮನೆಯ ಪಾತ್ರೆ, ತನ್ನ ಮನೆಯ ನೀರು. ಹೀಗೆ ಅಂದು ಶಿವಕಾಂತಮ್ಮನ ಮನೆಯಲ್ಲಿ ಅಡಿಗೆಯ ಕೈ ಕೂಡ ಎರವಲಾಯಿತು.

ಚಂದ್ರಾಮ ಇದ್ದಿದ್ದರೆ ತಡೆಯುತ್ತಿದ್ದನೇನೋ. ಅವನು ಅಂಕಪಟ್ಟಿ ತರಲು ಕಲಬುರಗಿಗೆ ಹೋಗಿದ್ದ.

ನಾಗೇಂದ್ರಪ್ಪ ಬಂದ. ಕೋಟು, ಕರಿ ಟೋಪಿ. ಕೆಟ್ಟ ಮನುಷ್ಯ ಅಂತ ಮುಖ ನೋಡಿ ಯಾರೂ ಹೇಳಲಾರರು. ಮಂಚದ ಮೇಲೆ ಕುಳಿತ. ಕೈಕಾಲು ತೊಳೆದ. ಹೂರಣದ ಹೋಳಿಗೆ ಬಂತು, ತುಪ್ಪ ಬಂತು. ಸಾಕು ಎನ್ನಲಿಲ್ಲ. ಮತ್ತೊಂದು ಬಂತು, ಅದನ್ನೂ ಮುಗಿಸಿದ. ಶಿವಕಾಂತಮ್ಮ ಎರವಲು ಇಲಕಲ್ ಸೀರೆಯುಟ್ಟು ಕಂಬದ ಹತ್ತಿರ ನಿಂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಮಂಚ ಭಾಳ ಗಟ್ಟಿ ಅದಲ್ಲ. ಯಾವಾಗಿಂದು?"

ಇಡೀ ಓಣಿ ಬಾಗಿಲಲ್ಲಿ ನಿಂತಿತ್ತು. ಕೊಟ್ಟವರು ಬಾಯಿ ಬಿಡಬಾರದು, ಇಸಿದುಕೊಂಡವಳೂ ಬಿಡಬಾರದು.

"ಮೊದಲಿಂದ ಅದರಿ" ಎಂದಳು.

"ಈ ಅಡಿಗಿ ಮಾಡಾಕಿ ಯಾರು?" ಬಡಿಸುತ್ತಿದ್ದ ಮಹಾದೇವಮ್ಮನ ಹಣೆಯ ವಿಭೂತಿ ನೋಡಿ ಕೇಳಿದ.

"ನಮ್ಮಾಕೀನೇ ರಿ."

ಅವನು ತಲೆ ಆಡಿಸಿದ. ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದ. ಓಣಿಗೆ ಹಬ್ಬ! ಉಳಿದ ಹೋಳಿಗೆಯನ್ನು ಮಕ್ಕಳು ಕಿತ್ತಾಡಿ ತಿಂದವು.

ಎಂಟು ದಿನಕ್ಕೆ ಮಾಸ್ತರು ಬಂದರು. ಈ ಸಲ ಓಡಿ ಬರಲಿಲ್ಲ. ಬಾಗಿಲಲ್ಲಿ ನಿಂತೇ ರಪೋಟಿನಲ್ಲಿದ್ದದ್ದು ಹೇಳಿದರು. ಮನೆಯಲ್ಲಿ ಸಾಗವಾನಿ ಮಂಚ, ಹಿತ್ತಾಳೆ ಸಾಮಾನು. ಬಂದವರಿಗೆ ತುಪ್ಪ ಹೋಳಿಗೆ ಹಾಕುವಷ್ಟು ಅನುಕೂಲ. ಅಡಿಗೆಗೆ ಆಳು ಇದ್ದಾಳೆ. ಸ್ಥಿತಿವಂತರು. ವಜೀಫಾಕ್ಕೆ ಲಾಯಕ್ಕಿಲ್ಲ.

"ಏನ್ ಮಾಡೀರ್ಬೇ ಹುಚ್ಚ ಮಂದಿ!" ಮಾಸ್ತರು ಹಣೆ ಬಡಿದುಕೊಂಡರು. "ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ. ನೀವು ಆ ಪೂಜಾರಿಗಿ ಹೋಳಿಗಿ ಬ್ಯಾರೆ ಉಣ್ಣಿಸೀರಿ!"

ಮಹಾದೇವಮ್ಮ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಚಂದ್ರಾಮ ಗೋಡೆಗೆ ಒರಗಿ ಕುಳಿತಿದ್ದ. ಅಳಲಿಲ್ಲ. "ಅಕ್ಕಾ, ನಾಳಿಂದ ನನಗೂ ಒಂದು ಸಿಂಬಿ ಮಾಡಿಕೊಡು" ಎಂದ. ಹತ್ತೊಂಬತ್ತರ ಹುಡುಗ. ಸಣ್ಣ ಕುತ್ತಿಗೆ. ಶಿವಕಾಂತಮ್ಮ ಆ ಕುತ್ತಿಗೆಯನ್ನು ನೋಡಿದಳು. ಎದ್ದು ಒಲೆಯ ಮುಂದೆ ಹೋಗಿ ಕುಳಿತಳು. ಒಲೆ ಹೊತ್ತಿಸಲಿಲ್ಲ.

ಮಾಸ್ತರು ಒಳ್ಳೆಯವರು, ಸುಮ್ಮನೆ ಕೂರಲಿಲ್ಲ. ತಹಶೀಲ್ದಾರರ ಕೈಕಾಲು ಹಿಡಿದು ಇನ್ನೊಮ್ಮೆ ವಿಚಾರಣೆ ಮಾಡಲು ಒಪ್ಪಿಸಿದರು. ಸಾಮಾನು ಕೊಟ್ಟವರೆಲ್ಲ ಚಿತ್ತಾಪುರದ ಕಚೇರಿಗೆ ಬಂದು ಇದು ನನ್ನದು, ಅದು ನನ್ನದು ಎಂದು ಹೇಳಬೇಕು. ವಿಚಾರಣೆ ಮಾಡುವವನು? ಮತ್ತೆ ಆ ನಾಗೇಂದ್ರಪ್ಪನೇ.

ಒಂದು ದಿನದ ಕೂಲಿ ಬಿಟ್ಟು ಓಣಿ ಹೊರಟಿತು, ಚಂದ್ರಾಮನೂ ಹೊರಟ. ವಾಡಿಯಲ್ಲಿ ಇಳಿದು, ಚಿತ್ತಾಪುರದ ಮೇಲೆ ಹೋಗುವ ಹೈದರಾಬಾದಿನ ಗಾಡಿ ಹತ್ತಿದರು. ದಾರಿಯುದ್ದಕ್ಕೂ ಮಾಸ್ತರೊಬ್ಬರೇ ಹೇಳಿಕೊಡುತ್ತಿದ್ದರು: "ಮಂಚ ನಂದು ಅನ್ನು. ಅಷ್ಟೇ ಅನ್ನು ಕಾಕಾ."

ಕಚೇರಿಯ ಪಡಸಾಲೆಯಲ್ಲಿ ನಾಗೇಂದ್ರಪ್ಪ ಕುರ್ಚಿಯ ಮೇಲೆ, ಇವರು ನೆಲದ ಮೇಲೆ.

"ಮಂಚ ಯಾರ್ದು?"

ಫಕೀರಸಾಬ ಎದ್ದು ನಿಂತ. ಒಂಟಿ ಕಣ್ಣಿನಿಂದ ಶಿವಕಾಂತಮ್ಮನನ್ನು ನೋಡಿದ. "ಆಕೀದೇ ರಿ" ಎಂದು ಕುಳಿತುಬಿಟ್ಟ.

"ಹಿತ್ತಾಳಿ ಸಾಮಾನು?"

"ಆಕೀದೇ ರಿ" ಎಂದಳು ಲಲಿತಾಬಾಯಿ, ನೆಲ ನೋಡುತ್ತ.

"ನೀ ಯಾರ?"

ಮಹಾದೇವಮ್ಮ ಸೆರಗು ಸರಿಮಾಡಿಕೊಂಡಳು. "ನಾ ಆಕೀ ಮನ್ಯಾಗಿನ ಆಳರಿ."

ಲಿಂಗವಂತರ ಹೆಂಗಸು. ಅಂಬಿಗರ ಮನೆಯ ಆಳು ಅಂತ ಕಚೇರಿಯಲ್ಲಿ ಹತ್ತು ಜನರ ಎದುರು ಹೇಳಿದಳು! ಇನ್ನೊಬ್ಬಳ ಮಾನ ಕಾಯಲು ತನ್ನ ಜಾತಿಯನ್ನೇ ಹಾಸಿಕೊಟ್ಟಳು. ಅಷ್ಟು ದೊಡ್ಡ ಮಾತು ಆ ಕಚೇರಿಯ ಗೋಡೆಗಳು ಕೇಳಿರಲಿಕ್ಕಿಲ್ಲ. ಆದರೆ ಅದರಿಂದ ಆದದ್ದೇನು? ಚಂದ್ರಾಮನ ಕುತ್ತಿಗೆ ಖಣಿಗೆ ಇನ್ನೊಂದು ಗೇಣು ಹತ್ತಿರವಾಯಿತು.

ಶಿವಕಾಂತಮ್ಮ ಎದ್ದಳು.

"ಇವರೆಲ್ಲಾ ಸುಳ್ಳ ಹೇಳ್ಲಿಕತ್ತಾರ್ರಿ ಸಾಹೇಬ. ಮಂಚ ಫಕೀರಸಾಬಂದು. ತಾಟು ತಂಬಿಗಿ ಲಲಿತಾಬಾಯೀದು. ತುಪ್ಪ ಮನಿಗೊಂದು ಚಮಚ ಕೂಡಿಸಿದ್ದು. ಮಹಾದೇವಮ್ಮ ಯಾರ ಮನಿ ಆಳೂ ಅಲ್ಲ. ಅವತ್ತು ನಾ ಉಟ್ಟ ಸೀರಿ ನಂದಲ್ಲ. ನನ್ನ ಮನ್ಯಾಗ ಎರಡು ಗಡಿಗಿ, ಒಂದು ಹಂಚು, ಒಂದು ಕೌದಿ ಅದ. ಅಷ್ಟೇ ರಿ."

ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಹಿಂದೆ ಮಹಾದೇವಮ್ಮ ಬಿಕ್ಕುವುದು ಕೇಳಿಸಿತು. ಬೀದಿಯಲ್ಲಿ ನಿಂತು ಸೀರೆ ಬಿಚ್ಚಿದರೂ ಹೀಗೆ ಅನ್ನಿಸುತ್ತಿರಲಿಲ್ಲ.

ನಾಗೇಂದ್ರಪ್ಪ ನಕ್ಕ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು. ಸರ್ಕಾರಕ್ಕೇ ಟೋಪಿ ಹಾಕ್ಲಿಕ್ಕ ಹೊಂಟಿದ್ದೆಲ್ಲ?" ಆಮೇಲೆ ಕಾಗದ ತೆಗೆದು ಬರೆಯತೊಡಗಿದ. ಬರವಣಿಗೆ ಉರ್ದು. ಬರೆದು ಮುಗಿಸಿ ಕನ್ನಡದಲ್ಲಿ ಹೇಳಿದ.

"ನೋಡು, ನನ್ನ ಮೊದಲ ರಪೋಟ್ ಸುಳ್ಳಾಗಬಾರದು. ಸಾಮಾನು ನಾ ಕಂಡದ್ದು ಖರೇ. ಅವು ಎಲ್ಲಿಂದ ಬಂದ್ವು? ಬೇಡಿ ತಂದಿದ್ದು. ಅದಕ್ಕ ಹಿಂಗ ಬರದೀನಿ. ಇವರು ಬೇಡಿ ಉಣ್ಣುವವರು. ಮನೆಯಲ್ಲಿ ದುಡಿಯುವವರು ಯಾರೂ ಇಲ್ಲ. ಓಣಿಯವರ ಭಿಕ್ಷೆಯ ಮೇಲೆ ಬದುಕುತ್ತಾರೆ. ಒತ್ತು ಹೆಬ್ಬಟ್ಟು. ನಿನ್ನ ತಮ್ಮ ನಾಳೆಯೇ ಹೈದ್ರಾಬಾದಿಗಿ ಹೋಗಲಿ."

ಮಾಸ್ತರ ಮುಖ ಅರಳಿತು. ಮಸಿಯ ಡಬ್ಬಿಯನ್ನು ಮುಂದೆ ಸರಿಸಿದರು. ಅವಳು ಹೆಬ್ಬಟ್ಟು ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

"ದುಡಿಯೋರು ಯಾರೂ ಇಲ್ಲಂತ ಬರದೀರೇನ್ರಿ?"

"ಹೌದು. ದುಡಿಯೋರು ಇದ್ರ ವಜೀಫಾ ಅರ್ಧ ಆಗ್ತದ."

"ನಾ ಯಾರ್ರಿ ಮತ್ತ?"

ಅವನಿಗೆ ತಿಳಿಯಲಿಲ್ಲ.

"ನೀವು ಕಾಲಿಟ್ಟು ಕುಂತದ್ದು ಶಹಾಬಾದಿನ ಫರ್ಸಿ. ನಿಮ್ಮ ಕಚೇರಿಗಿ ಅದನ್ನ ಗಾಳಿ ತಂದು ಹಾಸ್ತೇನ್ರಿ? ಹೈದ್ರಾಬಾದಿಗಿ ವ್ಯಾಗನ್ ತುಂಬಿ ಹೋಗ್ತಾವ. ಆ ದೊಡ್ಡ ಕಾಲೇಜಿನ ನೆಲ ಬಂಗಾರದ್ದೇನ್ರಿ? ಹೊತ್ತೀನಿ. ಅಪ್ಪ ಸತ್ತ ವರ್ಷದಿಂದ ಹೊತ್ತೀನಿ. ಹೊಟ್ಟಿ ತುಂಬಂಗಿಲ್ಲ ಅಂತ ಬರೀರಿ, ಒತ್ತೀನಿ. ಎರವಲು ಇಸಗೊಂಡಾಳ ಅಂತ ಬರೀರಿ, ಒತ್ತೀನಿ. ಇವತ್ತ ಅವರು ನನಗ ಕೊಟ್ಟಾರ, ನಾಳಿ ನಾ ಅವರಿಗಿ ಕೊಡ್ತೀನಿ. ಅದು ಭಿಕ್ಷಾ ಅಲ್ಲ. ಬೇಡಿ ಉಂಡಾಕಿ ಅಂತ ನಾ ಒತ್ತಂಗಿಲ್ಲ."

"ಶಿವಕಾಂತಾ, ಒಂದು ಶಬ್ದವ್ವಾ, ಬರೀ ಶಬ್ದ" ಮಾಸ್ತರು ಕೈ ಮುಗಿದರು.

"ಒತ್ತಂಗಿಲ್ರಿ."

ದನಿ ಏರಲಿಲ್ಲ. ಕಣ್ಣೀರು ಬರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಇಟ್ಟುಕೊಂಡಳು. ನಾಗೇಂದ್ರಪ್ಪ ಕಾಗದ ಮಡಿಚತೊಡಗಿದ.

"ಕೊಡ್ರಿ ಇಲ್ಲಿ" ಎಂದ ಚಂದ್ರಾಮ.

ಅವನು ಮುಂದೆ ಬಂದು ಕಾಗದ ಬಿಡಿಸಿದ. ಉರ್ದು ಓದಿದವನು. ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದ. 'ದುಡಿಯುವವರು ಯಾರೂ ಇಲ್ಲ' ಎಂಬುದನ್ನೂ ಓದಿದ. ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಸಹಿ ಮಾಡಿದ. ಇಂಗ್ಲಿಷಿನಲ್ಲಿ ಮಾಡಿದ. ಅವನಿಗೆ ಆ ಇಂಗ್ಲಿಷ್ ಎಲ್ಲಿಂದ ಬಂತು ಅಂತ ಕೇಳುವವರು ಅಲ್ಲಿ ಯಾರಿದ್ದರು?

ಅಕ್ಕನ ಕಡೆ ತಿರುಗಲಿಲ್ಲ.

ಹೀಗೆ ಅಂಬಿಗರ ಚಂದ್ರಾಮ ನವಾಬರ ಮಕ್ಕಳ ಕಾಲೇಜಿಗೆ ಹೋದ. ಫೀಸ್ ಇಲ್ಲ, ಖೋಲಿ ಪುಕ್ಕಟೆ, ಊಟ ಪುಕ್ಕಟೆ. ಮಾಸ್ತರು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಹೊರಡುವಾಗ ಅವನು ಅಕ್ಕನ ಕಾಲು ಮುಟ್ಟಿದ. "ಅಕ್ಕಾ, ನೀ ದುಡದದ್ದು ನನಗ ಗೊತ್ತಿಲ್ಲೇನ? ಕಾಗದದಾಗ ಇರಲಿ ಬಿಡು" ಎಂದ. ಅವಳು ಕಾಲು ಎಳೆದುಕೊಳ್ಳಲಿಲ್ಲ. ತಲೆಯ ಮೇಲೆ ಕೈ ಇಡಲೂ ಇಲ್ಲ. ರೊಟ್ಟಿಯ ಗಂಟು ಕೊಟ್ಟಳು. "ಗಾಡಿ ಬರ್ತದ, ಹೋಗು" ಎಂದಳು. ಅವನ ತಲೆಯ ಮೇಲೆ ಸಿಂಬಿ ಬರಲಿಲ್ಲವಲ್ಲ, ಅಷ್ಟಕ್ಕಾದರೂ ಎದೆ ಹಗುರಾಗಬೇಕಿತ್ತು. ಅವಳು ಕಾದಳು. ಆಗಲಿಲ್ಲ.

'ಬೇಡಿ ಉಣ್ಣುವವರು' ಎಂಬ ಚಿತ್ತಾಪುರದ ಆ ಮಾತು ಓಣಿಯೊಳಗೂ ಬಂದು ಕುಳಿತಿತು. ಲಲಿತಾಬಾಯಿಯ ಮಗಳನ್ನು ನೋಡಲು ಸೇಡಂ ಕಡೆಯ ಬೀಗರು ಬಂದಾಗ ಅವಳು ಫಕೀರಸಾಬನ ಮನೆಗೆ ಮಂಚಕ್ಕೆ ಹೋಗಲಿಲ್ಲ. ಕೇಳಿದರೆ ಬೇಡಿದಂತೆ ಅಲ್ಲವೇ? ಬೀಗರು ಹರಕು ಚಾಪೆಯ ಮೇಲೆ ಕುಳಿತರು, ಎದ್ದರು, ಹೋದರು. ಫಕೀರಸಾಬ ತನ್ನ ಬಾಗಿಲಲ್ಲಿ ಮಂಚದ ಮೇಲೆ ಕುಳಿತು ನೋಡುತ್ತಿದ್ದ. ತಾನಾಗಿ ಹೊತ್ತುಕೊಂಡು ಹೋಗಲು ಅವನಿಗೂ ಧೈರ್ಯ ಆಗಲಿಲ್ಲ. ಸರ್ಕಾರ ಒಂದು ಹುಡುಗನ ಓದಿಗೆ ಕೊಟ್ಟಿತು. ಇಡೀ ಓಣಿಯಿಂದ ವಸೂಲು ಮಾಡಿತು.

ವಜೀಫಾ ವರ್ಷ ವರ್ಷ ಹೊಸದಾಗಬೇಕು. ವರ್ಷ ವರ್ಷ ಬಡತನ ತೋರಿಸಬೇಕು. ಮಾಸ್ತರು ಮೊದಲೇ ಹೇಳಿದ್ದರು: "ಹೊಸ ಗಡಿಗಿ ಸುದ್ದಾ ತರಬ್ಯಾಡವ್ವಾ, ಹುಡುಗನ ಓದು ಮುಗಿಯೋತನಕ." ಅವಳು ತಂದಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ನಾಗೇಂದ್ರಪ್ಪ ಮತ್ತೆ ಬಂದ. ಶಿವಕಾಂತಮ್ಮ ಖಣಿಯಿಂದ ಮಧ್ಯಾಹ್ನದ ಊಟಕ್ಕೆ ಬಂದು ಹೊಸ್ತಿಲಲ್ಲಿ ಕುಳಿತಿದ್ದಳು. ಕೈಯಲ್ಲಿ ಜೋಳದ ರೊಟ್ಟಿ, ಮೇಲೆ ಕೆಂಪು ಖಾರ. ಅವಳು ಏಳಲಿಲ್ಲ. ಬರ್ರಿ ಎನ್ನಲಿಲ್ಲ, ಕುಂದರ್ರಿ ಎನ್ನಲಿಲ್ಲ. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡಿದರು. ಬಂದವರನ್ನು ಬಾ ಎನ್ನದೆ ನಿಲ್ಲಿಸಿದ್ದನ್ನು ಆ ಓಣಿ ಹಿಂದೆ ನೋಡಿರಲಿಲ್ಲ.

ನಾಗೇಂದ್ರಪ್ಪ ಒಳಗೆ ಇಣುಕಿದ. ಎರಡು ಗಡಿಗೆ, ಒಂದು ಹಂಚು, ಒಂದು ಕೌದಿ. ಗುರುತು ಹಾಕಿಕೊಂಡ. ತಾನೇ ಕಟ್ಟೆಯ ಮೇಲೆ ಕುಳಿತು ಟೋಪಿ ತೆಗೆದು ಗಾಳಿ ಹಾಕಿಕೊಂಡ.

"ಏನವ್ವಾ ಶಿವಕಾಂತಮ್ಮ, ಮಹಾದೇವಮ್ಮ ಎಲ್ಲಿ ಕಾಣವಲ್ಲಳು? ಬಿಸಲಾಗ ಹಸದು ಬಂದೀನಿ. ಈ ಸಲ ಏನೂ ಮಾಡಸಿಲ್ಲೇನು?" ನಕ್ಕ. ಅವನಿಗೆ ಅದು ತಮಾಷೆ.

ಶಿವಕಾಂತಮ್ಮ ಬಾಯಲ್ಲಿದ್ದದ್ದನ್ನು ಅಗಿದು ನುಂಗಿದಳು.

"ಬೇಡಿ ಉಣ್ಣೋರ ಮನಿಗಿ ಬೇಡ್ಲಿಕ್ಕ ಬಂದೀರೇನ್ರಿ ಸಾಹೇಬ?"

ನಾಗೇಂದ್ರಪ್ಪನ ಕೈಯ ಟೋಪಿ ನಿಂತಿತು. ಮುಖ ಕೆಂಪೇರಿತು.

"ಮಾತು ಬಿಗಿ ಹಿಡದು ಆಡು. ಒಂದು ಸಾಲು ಬರದ್ರ ನಿನ್ನ ತಮ್ಮ ನಾಳಿ ಗಂಟುಮೂಟಿ ಕಟ್ಟಿಕೊಂಡು ಇಲ್ಲೇ ಬಂದು ಬೀಳ್ತಾನ, ತಿಳೀತೇನು?"

ತಿಳಿದಿತ್ತು. ಚಂದ್ರಾಮನ ಮುಂದಿನ ವರ್ಷ ಅವನ ಕೋಟಿನ ಕಿಸೆಯಲ್ಲಿತ್ತು. ಆ ಸಣ್ಣ ಕುತ್ತಿಗೆ ಅವಳ ಕಣ್ಣ ಮುಂದೆ ಬಂತು. ಅದರ ಪಕ್ಕದಲ್ಲೇ, ಕಚೇರಿಯಲ್ಲಿ ಸೆರಗು ಸರಿಮಾಡಿಕೊಂಡು ನಿಂತ ಮಹಾದೇವಮ್ಮನೂ ಬಂದಳು. ವರ್ಷವಿಡೀ ಸತ್ತು ಬಿದ್ದಿದ್ದ ಒಳಗಿನ ಏನೋ ಒಂದು ಅಲುಗಿತು. ಅದು ಸಿಟ್ಟು ಅಂತ ಅವಳಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಬರೀರಿ" ಎಂದಳು. "ಆದ್ರ ಕಂಡದ್ದು ಬರೀರಿ. ಆಕೀ ಕೈಯಾಗ ರೊಟ್ಟಿ ಇತ್ತು. ದುಡದು ತಂದ ರೊಟ್ಟಿ. ಕೇಳ್ದೆ, ಕೊಡಲಿಲ್ಲ. ಹಂಗ ಬರೀರಿ. ಅದಕ್ಕ ಹೆಬ್ಬಟ್ಟು ಒತ್ತೀನಿ."

ಖಾರ ಹತ್ತಿದ ಹೆಬ್ಬೆರಳನ್ನು ಅವನ ಮುಂದೆ ಹಿಡಿದಳು. ಅವನು ಕಾಗದ ತೆಗೆಯಲಿಲ್ಲ. ಅವಳು ಕೈ ಹಿಂದಕ್ಕೆ ತಗೊಂಡು ಉಳಿದ ರೊಟ್ಟಿಯನ್ನು ಅವನ ಎದುರಿಗೇ ಕೂತು, ನಿಧಾನವಾಗಿ, ಪೂರ್ತಿ ತಿಂದು ಮುಗಿಸಿದಳು.